ಸಿಗರೇಟಿನಿಂದ ವೇಪಿಂಗ್‌ಗೆ: ದೇಹದಲ್ಲಿ ಆಗುವ ಬದಲಾವಣೆಗಳು

ಸಿಗರೇಟು ಅಥವಾ ಬೀಡಿ ಬಿಟ್ಟು ಇ-ಸಿಗರೇಟು, ಅಂದರೆ ವೇಪ್, ಸೇದಲು ಶುರುಮಾಡಿದವರ ದೇಹದಲ್ಲಿ ಮೊದಲ ದಿನದಿಂದ ಹಲವು ವರ್ಷಗಳವರೆಗೆ ಬದಲಾವಣೆಗಳು ಕಾಣುತ್ತವೆ. ಅವುಗಳ ಮೂಲ ಮೂರು. ಹೊಗೆ ನಿಂತದ್ದರಿಂದ ಆಗುವವು ಕೆಲವು. ನಿಕೋಟಿನ್ ನಿಲ್ಲದೇ ಇರುವುದರಿಂದ ಹಾಗೆಯೇ ಉಳಿಯುವವು ಕೆಲವು. ಆವಿಯ ಜೊತೆ ಹೊಸದಾಗಿ ಒಳಹೋಗುವ ವಸ್ತುಗಳಿಂದ ಶುರುವಾಗುವವು ಇನ್ನು ಕೆಲವು. ಜನ ಈ ಮೂರನ್ನೂ ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತಾರೆ. ಏದುಸಿರು ಕಡಿಮೆಯಾದರೆ ಅದು ವೇಪ್‌ನ ಗುಣ ಅನ್ನುತ್ತಾರೆ, ಗಂಟಲು ಒಣಗಿದರೆ ಸಿಗರೇಟು ಬಿಟ್ಟದ್ದರ ಫಲ ಅನ್ನುತ್ತಾರೆ. ನಿಜ ಇದಕ್ಕೆ ಹೆಚ್ಚುಕಡಿಮೆ ತಿರುವುಮುರುವು. ಹಗುರಾದ ಎದೆ ಹೊಗೆ ನಿಂತದ್ದರ ಫಲ, ಒಣಗಿದ ಗಂಟಲು ಆವಿಯ ಫಲ. ಭಾರತದಲ್ಲಿ ವೇಪ್ ಮಾರುವುದೇ ಅಪರಾಧವಾದ್ದರಿಂದ ಈ ಮೂರು ಲೆಕ್ಕಗಳನ್ನು ಬೇರೆಬೇರೆ ಇಟ್ಟು ನೋಡುವುದು ಇಲ್ಲಿಯ ಓದುಗರಿಗೆ ಇನ್ನೂ ಮುಖ್ಯ.

ಅಣಶಿಯ ಕಡೆಯಿಂದ

ಉತ್ತರ ಕನ್ನಡದ ಜೋಯಿಡಾ ತಾಲ್ಲೂಕಿನ ಅಣಶಿ, ಕದ್ರಾ ಕಡೆಯಿಂದ ಘಟ್ಟ ಹತ್ತಿ ಬಂದಾಗ ಸಿಗುವ ಕಾಡಿನ ಊರು. ಸುತ್ತಲಿನ ಅರಣ್ಯ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು, 2007ರಲ್ಲಿ ದಾಂಡೇಲಿ ಅಭಯಾರಣ್ಯದೊಂದಿಗೆ ಸೇರಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಅದಕ್ಕೆ ಕಾಳಿ ಎಂಬ ಹೆಸರು ಬಂತು. ಈ ಭಾಗದಲ್ಲಿ ಧೂಮಪಾನ ಅಂದರೆ ಮೊದಲಿಗೆ ಬೀಡಿ. ವೇಪ್ ಬಂದರೆ ಅದು ವಾರದ ಕೊನೆಗೆ ಕಾಳಿ ನದಿಯ ರಾಫ್ಟಿಂಗ್‌ಗೆ ಬರುವ ನಗರದ ಹುಡುಗರ ಜೇಬಿನಲ್ಲಿ.

ಮಳೆಗಾಲದಲ್ಲಿ ಬಸ್ ತಂಗುದಾಣದ ಕಟ್ಟೆಯ ಮೇಲೆ ಕೂತ ಹಿರಿಯರೊಬ್ಬರು ಬೀಡಿ ಹಚ್ಚುವುದನ್ನು ಹತ್ತಿರದಿಂದ ನೋಡಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಟ್ಟ ಕಟ್ಟನ್ನು ಒಳಜೇಬಿನಿಂದ ತೆಗೆದು, ಒಂದನ್ನು ಬೆರಳ ನಡುವೆ ಹೊರಳಿಸಿ, ಗಾಳಿಗೆ ಬೆನ್ನು ಕೊಟ್ಟು ಕಡ್ಡಿ ಗೀರುತ್ತಾರೆ. ತೇವ ಹಿಡಿದ ಎಲೆ ಆರಿಹೋಗದಂತೆ ಮೇಲಿಂದ ಮೇಲೆ ಎಳೆಯುತ್ತಾರೆ. ಕೆನ್ನೆ ಒಳಗೆ ಹೋಗುತ್ತದೆ, ಕಣ್ಣು ಕಿರಿದಾಗುತ್ತದೆ. ಆ ಎಳೆತದಲ್ಲೇ ಬೀಡಿಯ ಅಪಾಯ ಇದೆ. ಬೀಡಿಯಲ್ಲಿ ತಂಬಾಕು ಸಿಗರೇಟಿನದಕ್ಕಿಂತ ಕಡಿಮೆ. ಆದರೆ ಸುತ್ತಿದ ಎಲೆಯಲ್ಲಿ ಗಾಳಿಯಾಡುವುದಿಲ್ಲವಾದ್ದರಿಂದ ಜೋರಾಗಿ, ಪದೇಪದೇ ಎಳೆಯದಿದ್ದರೆ ಕಿಡಿ ಉಳಿಯುವುದಿಲ್ಲ. ಹೀಗಾಗಿ ಟಾರ್, ನಿಕೋಟಿನ್, ಕಾರ್ಬನ್ ಮೊನಾಕ್ಸೈಡ್ ಮೂರೂ ಸಾಮಾನ್ಯ ಸಿಗರೇಟಿಗಿಂತ ಹೆಚ್ಚಾಗಿಯೇ ಎದೆಗಿಳಿಯುತ್ತವೆ. ಸಣ್ಣದು, ಎಲೆಯದು, ಹಾಗಾಗಿ ಸೌಮ್ಯವಾದದ್ದು ಎಂಬ ನಂಬಿಕೆ ಪೂರ್ತಿ ತಪ್ಪು.

2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ಯಾವುದಾದರೊಂದು ರೂಪದಲ್ಲಿ ತಂಬಾಕು ಬಳಸುತ್ತಿದ್ದರು. ಸೇದುವವರು ಶೇ. 8.8, ಅಗಿಯುವ ಅಥವಾ ಬಾಯಲ್ಲಿಟ್ಟುಕೊಳ್ಳುವವರು ಶೇ. 16.3. ಇಡೀ ದೇಶದಲ್ಲಿ ಬೀಡಿ ಸೇದುವವರು ಶೇ. 7.7 ಇದ್ದರೆ ಸಿಗರೇಟಿನವರು ಶೇ. 4. ವೇಪ್ ಕುರಿತ ದೊಡ್ಡ ಅಧ್ಯಯನಗಳು ನಡೆದದ್ದು ಮುಖ್ಯವಾಗಿ ಬ್ರಿಟನ್, ಅಮೆರಿಕಗಳಲ್ಲಿ, ಸಿಗರೇಟು ಸೇದುವವರ ಮೇಲೆ. ಮುಂದೆ ಬರುವ ಅಂಕಿಗಳನ್ನು ಓದುವಾಗ ಇದು ನೆನಪಿರಲಿ.

ಹಳೆಯ ಪ್ರಶ್ನೆ

ತಂಬಾಕನ್ನು ಬೇರೆ ಬಗೆಯಲ್ಲಿ ಸೇದಿದರೆ ಹಾನಿ ತಪ್ಪೀತೇ ಎಂಬ ಪ್ರಶ್ನೆಗೆ ಕನ್ನಡ ನಾಡಿನಲ್ಲೇ ನಾಲ್ಕು ಶತಮಾನಗಳ ವಯಸ್ಸಿದೆ. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ತಂದ ತಂಬಾಕು ವಿಜಯಪುರದ ಆದಿಲ್‌ಶಾಹಿ ಆಸ್ಥಾನಕ್ಕೆ ಬೇಗ ಮುಟ್ಟಿತು. 1604ರ ಸುಮಾರಿಗೆ ಅಕ್ಬರನ ರಾಯಭಾರಿಯಾಗಿ ಅಲ್ಲಿಗೆ ಬಂದಿದ್ದ ಅಸದ್ ಬೇಗ್ ಅದನ್ನು ಅಲಂಕರಿಸಿದ ಕೊಳವೆಯ ಸಮೇತ ಉತ್ತರಕ್ಕೆ ಒಯ್ದು ಚಕ್ರವರ್ತಿಗೆ ಒಪ್ಪಿಸಿದ. ಅಕ್ಬರ್ ಒಂದೆರಡು ಸಲ ಎಳೆದು ನೋಡಿದ, ಆಸ್ಥಾನದ ವೈದ್ಯರು ಬೇಡವೆಂದರು, ಸಭೆಯಲ್ಲಿ ವಾದ ನಡೆಯಿತು. ಹೊಗೆಯನ್ನು ನೀರಿನ ಮೂಲಕ ಹಾಯಿಸಿದರೆ ಶುದ್ಧವಾಗುತ್ತದೆ ಎಂಬ ಹುಕ್ಕಾದ ನಂಬಿಕೆ, ಫಿಲ್ಟರ್ ಸಿಗರೇಟಿನ ನಂಬಿಕೆ, ‘ಲೈಟ್’ ಸಿಗರೇಟಿನ ನಂಬಿಕೆ ಒಂದರ ಹಿಂದೊಂದು ಬಂದವು. ನೀರಾಗಲಿ ಫಿಲ್ಟರ್ ಆಗಲಿ ಹೊಗೆಯನ್ನು ಹೊಗೆಯಾಗಿಯೇ ಬಿಟ್ಟವು. 2003ರಲ್ಲಿ ಚೀನಾದ ಔಷಧತಜ್ಞ ಹೊನ್ ಲಿಕ್ ರೂಪಿಸಿದ ಇ-ಸಿಗರೇಟು ಬೇರೆ ಅನ್ನಿಸುವುದು ಒಂದೇ ಕಾರಣಕ್ಕೆ: ಅದರಲ್ಲಿ ಏನೂ ಉರಿಯುವುದಿಲ್ಲ.

ಉರಿ ಮತ್ತು ಆವಿ

ಎಳೆಯುವಾಗ ಸಿಗರೇಟಿನ ಕೆಂಡದ ಶಾಖ ಸುಮಾರು 900 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆ. ಆ ಶಾಖದಲ್ಲಿ ಎಲೆ, ಕಾಗದ, ಅಂಟು ಎಲ್ಲವೂ ಒಡೆದು 7,000ಕ್ಕೂ ಹೆಚ್ಚು ರಾಸಾಯನಿಕಗಳಾಗುತ್ತವೆ. ಅವುಗಳಲ್ಲಿ ಸುಮಾರು 70 ಕ್ಯಾನ್ಸರ್ ತರುವಂಥವು. ವೇಪ್ ಬಿಚ್ಚಿದರೆ ಒಳಗೆ ಕಾಣುವುದು ಒಂದು ಲಿಥಿಯಂ ಬ್ಯಾಟರಿ, ಹತ್ತಿಯ ಬತ್ತಿ, ಆ ಬತ್ತಿಗೆ ಸುತ್ತಿದ ಕೂದಲೆಳೆಯಂಥ ಲೋಹದ ತಂತಿ. ದೀಪದ ಬತ್ತಿ ಎಣ್ಣೆ ಹೀರುವಂತೆ ಈ ಹತ್ತಿ ದ್ರವ ಹೀರುತ್ತದೆ. ತಂತಿ ಸುಮಾರು 200ರಿಂದ 250 ಡಿಗ್ರಿಗೆ ಕಾದಾಗ ದ್ರವ ಮಂಜಾಗಿ ಬಾಯಿಗೆ ಬರುತ್ತದೆ. ದ್ರವದಲ್ಲಿ ಇರುವುದು ಪ್ರೊಪಿಲೀನ್ ಗ್ಲೈಕಾಲ್, ಗ್ಲಿಸರಿನ್, ಪರಿಮಳದ ವಸ್ತುಗಳು ಮತ್ತು, ಬಹುಪಾಲು ದ್ರವಗಳಲ್ಲಿ, ನಿಕೋಟಿನ್. ಬತ್ತಿ ಒಣಗಿದಾಗಲೂ ಎಳೆದರೆ ತಂತಿ ಮಿತಿಮೀರಿ ಕಾದು, ಸುಟ್ಟ ವಾಸನೆಯ ಜೊತೆ ಫಾರ್ಮಾಲ್ಡಿಹೈಡ್ ಹುಟ್ಟುತ್ತದೆ. ತಂತಿ ಮತ್ತು ಬೆಸುಗೆಯಿಂದ ನಿಕ್ಕಲ್, ಕ್ರೋಮಿಯಂ, ಸೀಸದ ಕಣಗಳು ಆವಿಗೆ ಸೇರುವುದೂ ಪರೀಕ್ಷೆಗಳಲ್ಲಿ ಕಂಡಿದೆ. ವೇಪ್‌ನಿಂದ ಬರುವುದು ಬರೀ ನೀರಿನ ಆವಿ ಎಂಬ ಮಾತನ್ನು ಮಕ್ಕಳಿಗೂ ಹೇಳಿ ಮಾರುತ್ತಾರೆ. ಅದು ಸುಳ್ಳು.

ಮೊದಲ ದಿನಗಳು

ಮೊದಲು ತಿಳಿಯಾಗುವುದು ರಕ್ತ. ಹೊಗೆಯ ಕಾರ್ಬನ್ ಮೊನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮೀರಿದ ಬಿಗಿಯಿಂದ ಅಂಟಿಕೊಂಡು ಆಮ್ಲಜನಕದ ಜಾಗ ಹಿಡಿದಿರುತ್ತದೆ. ಸೇದುವುದು ನಿಂತರೆ ನಾಲ್ಕೈದು ಗಂಟೆಗೊಮ್ಮೆ ಅರ್ಧದಷ್ಟು ಇಳಿಯುತ್ತಾ ಹೋಗಿ, ಒಂದೆರಡು ದಿನದಲ್ಲಿ ಸೇದದವರ ಮಟ್ಟಕ್ಕೆ ಬರುತ್ತದೆ. ತಂಬಾಕು ಬಿಡಿಸುವ ಕೇಂದ್ರಗಳಲ್ಲಿ ಇದನ್ನು ಅಂಗೈಯಗಲದ ಯಂತ್ರವೊಂದರಲ್ಲಿ ತೋರಿಸುತ್ತಾರೆ. ದೀರ್ಘವಾಗಿ ಉಸಿರೆಳೆದು, ಹದಿನೈದು ಸೆಕೆಂಡು ಹಿಡಿದು, ಕೊಳವೆಗೆ ನಿಧಾನವಾಗಿ ಊದಬೇಕು. ಪರದೆಯ ಮೇಲೆ ಅಂಕಿ ಏರುತ್ತಾ ಹೋಗಿ ನಿಲ್ಲುತ್ತದೆ. ಹತ್ತಕ್ಕಿಂತ ಮೇಲೆ ನಿಂತರೆ ಎದುರಿಗಿರುವವರು ಇತ್ತೀಚೆಗೆ ಸೇದಿದ್ದಾರೆಂದು ಅರ್ಥ. ತಮ್ಮದೇ ಉಸಿರು ಕೊಟ್ಟ ಅಂಕಿ ನೋಡಿ ಸುಮ್ಮನಾಗದವರು ಕಡಿಮೆ. ಉಪದೇಶದ ಎಷ್ಟೋ ಮಾತುಗಳಿಗಿಂತ ಆ ಅಂಕಿ ಹೆಚ್ಚು ಕೆಲಸ ಮಾಡುತ್ತದೆ ಎಂದು ಈ ಲೇಖಕನ ನಂಬಿಕೆ. ವೇಪ್‌ನಲ್ಲಿ ಉರಿ ಇಲ್ಲವಾದ್ದರಿಂದ ಪೂರ್ತಿ ಬದಲಾದವರಲ್ಲೂ ಅಂಕಿ ಹೀಗೆಯೇ ಇಳಿಯುತ್ತದೆ. ಘಟ್ಟದ ದಾರಿ ಹತ್ತುವಾಗ ವಾರದೊಳಗೇ ಸ್ವಲ್ಪ ಹಗುರ ಅನ್ನಿಸುವುದಕ್ಕೆ ಮುಖ್ಯ ಕಾರಣ ಇದು.

ಅದೇ ವಾರ ಕೆಮ್ಮು ಹೆಚ್ಚಿ ಹೆದರಿಸುವುದೂ ಉಂಟು. ಶ್ವಾಸನಾಳದ ಒಳಗೋಡೆಯ ಸೂಕ್ಷ್ಮ ರೋಮಗಳು ಕಫವನ್ನು ಮೇಲಕ್ಕೆ ತಳ್ಳುವ ಕೆಲಸದವು. ಹೊಗೆ ಅವನ್ನು ಜಡಗೊಳಿಸಿರುತ್ತದೆ. ಹೊಗೆ ನಿಂತಮೇಲೆ ಅವು ಮತ್ತೆ ಬೀಸತೊಡಗಿ ಹಳೆಯ ಕಫ ಮೇಲೆ ಬರುತ್ತದೆ. ಇದರ ಜೊತೆಗೆ ಆವಿಯ ಕೆರಳಿಕೆ ಬೇರೆ. ಪ್ರೊಪಿಲೀನ್ ಗ್ಲೈಕಾಲ್ ನೀರನ್ನು ಹೀರಿಕೊಳ್ಳುವ ವಸ್ತು. ಬಾಯಿ, ಗಂಟಲು, ಮೂಗು ಒಣಗುತ್ತವೆ, ಪದೇಪದೇ ನೀರಡಿಕೆಯಾಗುತ್ತದೆ, ಕೆಲವರಿಗೆ ಗಂಟಲು ಗೀರಿದಂತಾಗುತ್ತದೆ. 2019ರಲ್ಲಿ ಪ್ರಕಟವಾದ 886 ಜನರ ಬ್ರಿಟಿಷ್ ಪ್ರಯೋಗದಲ್ಲಿ ವೇಪ್ ಗುಂಪಿನ ಶೇ. 65ರಷ್ಟು ಜನ ಗಂಟಲು ಅಥವಾ ಬಾಯಿಯ ಉರಿ ಹೇಳಿಕೊಂಡರು. ನಿಕೋಟಿನ್ ಪಟ್ಟಿ, ಗಮ್ ಬಳಸಿದವರಲ್ಲಿ ಅದು ಶೇ. 51. ವರ್ಷದ ಕೊನೆಗೆ ನೋಡಿದಾಗ ಕೆಮ್ಮು, ಕಫ ಎರಡೂ ವೇಪ್ ಗುಂಪಿನಲ್ಲಿ ಹೆಚ್ಚು ಇಳಿದಿದ್ದವು.

ನಮ್ಮ ಕಡೆ ಇಲ್ಲೊಂದು ಎಚ್ಚರ ಬೇಕೇಬೇಕು. ಧೂಮಪಾನಿಗಳಿಗೆ ಕ್ಷಯ ತಗಲುವ ಸಂಭವ ಸುಮಾರು ಎರಡು ಪಟ್ಟು. ಬಿಟ್ಟದ್ದರ ಕೆಮ್ಮು, ಬದಲಾದದ್ದರ ಕೆಮ್ಮು ಎಂದುಕೊಂಡು ತಿಂಗಳುಗಟ್ಟಲೆ ಕಾಯುವಂತಿಲ್ಲ. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ ಆಗಬೇಕು ಎಂಬುದು ದೇಶದ ಕ್ಷಯ ನಿರ್ಮೂಲನಾ ಕಾರ್ಯಕ್ರಮದ ಸೂಚನೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಅದಕ್ಕೆ ದುಡ್ಡಿಲ್ಲ. ಕಫದಲ್ಲಿ ರಕ್ತ, ಸಂಜೆಯ ಜ್ವರ, ತೂಕ ಇಳಿಕೆ ಇದ್ದರೆ ಎರಡು ವಾರವೂ ಕಾಯಬಾರದು.

ಚಹಾ, ಕಾಫಿ ಮತ್ತು ಉಬ್ಬಸದ ಮಾತ್ರೆ

ಹೊಗೆ ಬಿಟ್ಟ ಮೇಲೆ ಚಹಾ ಮತ್ತು ಮಾತ್ರೆಗಳ ಪರಿಣಾಮ ಬದಲಾಗುವುದನ್ನು ತಾವೂ ತಿಳಿಯದೆ, ಬಿಟ್ಟದ್ದನ್ನು ವೈದ್ಯರಿಗೂ ಹೇಳದೆ ಜನ ಕಷ್ಟಪಡುತ್ತಾರೆ. ಹೊಗೆಯ ಟಾರ್‌ನಲ್ಲಿರುವ ಕೆಲವು ವಸ್ತುಗಳು ಯಕೃತ್ತಿನ ಸಿವೈಪಿ1ಎ2 ಎಂಬ ಕಿಣ್ವವನ್ನು ಚುರುಕುಗೊಳಿಸುತ್ತವೆ. ಕೆಫೀನ್ ಕರಗಿಸುವುದು ಇದೇ ಕಿಣ್ವದ ಕೆಲಸ. ಸೇದುವವರು ದಿನಕ್ಕೆ ಎಂಟು ಕಪ್ ಚಹಾ ಕುಡಿದೂ ಗಡದ್ದಾಗಿ ನಿದ್ದೆ ಮಾಡುವುದಕ್ಕೆ ಒಂದು ಕಾರಣ ಇದು. ಹೊಗೆ ನಿಂತ ಮೇಲೆ ಕಿಣ್ವದ ವೇಗ ಒಂದು ವಾರದೊಳಗೆ ಇಳಿಯುತ್ತದೆ. ಕುಡಿಯುವ ಚಹಾ ಅಷ್ಟೇ, ರಕ್ತದಲ್ಲಿ ಉಳಿಯುವ ಕೆಫೀನ್ ಮಾತ್ರ ಬಹಳ ಹೆಚ್ಚು. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ರಾತ್ರಿ ಕಣ್ಣು ಮುಚ್ಚುವುದಿಲ್ಲ, ಸುಮ್ಮಸುಮ್ಮನೆ ಸಿಟ್ಟು ಬರುತ್ತದೆ. ‘ಬಿಟ್ಟಿದ್ದು ಒಗ್ಗಲಿಲ್ಲ’ ಎಂದು ಮತ್ತೆ ಬೀಡಿ ಹಿಡಿದವರಲ್ಲಿ ಎಷ್ಟು ಮಂದಿ ಚಹಾವನ್ನು ಅರ್ಧಕ್ಕಿಳಿಸಿದ್ದರೆ ಉಳಿಯುತ್ತಿದ್ದರೋ ಅನ್ನಿಸುತ್ತದೆ.

ಕಿಣ್ವವನ್ನು ಕೆರಳಿಸುವುದು ಟಾರ್, ನಿಕೋಟಿನ್ ಅಲ್ಲ. ಹಾಗಾಗಿ ವೇಪ್‌ಗೆ ಬದಲಾದರೂ, ಗಮ್ ಅಗಿದರೂ, ಏನೂ ಇಲ್ಲದೆ ಬಿಟ್ಟರೂ ಇದು ಒಂದೇ. ಚಹಾದ ಮಾತು ಹಾಗಿರಲಿ, ಔಷಧಗಳ ವಿಚಾರದಲ್ಲಿ ಇದು ಅಪಾಯದ ಸಂಗತಿ. ಉಬ್ಬಸಕ್ಕೆ ನಮ್ಮ ಹಳ್ಳಿಗಳಲ್ಲಿ ಬಹಳ ಕಾಲದಿಂದ ಕೊಡುತ್ತಿರುವ ಡೆರಿಫಿಲಿನ್ ಮಾತ್ರೆಯಲ್ಲಿ ಥಿಯೋಫಿಲಿನ್ ಇದೆ. ಅದನ್ನು ಕರಗಿಸುವುದೂ ಇದೇ ಕಿಣ್ವ. ಸೇದುತ್ತಿದ್ದಾಗ ಸರಿಹೊಂದಿದ್ದ ಪ್ರಮಾಣ ಬಿಟ್ಟ ವಾರದಲ್ಲೇ ಅತಿಯಾಗಿ ವಾಂತಿ, ಎದೆಬಡಿತದ ಏರುಪೇರು, ಕೊನೆಗೆ ಸೆಳವಿನವರೆಗೆ ಹೋಗಬಹುದು. ಮಾನಸಿಕ ಕಾಯಿಲೆಗೆ ಕೊಡುವ ಕ್ಲೋಜಪಿನ್, ಒಲಾಂಜಪಿನ್ ಮಾತ್ರೆಗಳಿಗೂ ಇದೇ ನಿಯಮ. ಇಂಥ ಮಾತ್ರೆ ನುಂಗುವವರು ಬೀಡಿ, ಸಿಗರೇಟು ಬಿಡುವ ದಿನವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು. ತಾವಾಗಿ ಮಾತ್ರೆ ನಿಲ್ಲಿಸುವುದು ಬೇಡ.

ಬಾಯಿ, ರುಚಿ, ತೂಕ

ರುಚಿ ಮತ್ತು ವಾಸನೆ ಕೆಲವೇ ವಾರಗಳಲ್ಲಿ ಮರಳುತ್ತವೆ. ಸಾರಿನಲ್ಲಿ ಉಪ್ಪು ಜಾಸ್ತಿ ಎನ್ನುವ ದೂರು ಮನೆಯಲ್ಲಿ ಶುರುವಾದರೆ ಅದು ಒಳ್ಳೆಯ ಲಕ್ಷಣ. ಬಾಯಿ ಹುಣ್ಣು ಕೆಲವರಲ್ಲಿ ಒಂದೆರಡು ವಾರ ಕಾಡಿ ಹೋಗುತ್ತದೆ. ಸೇದುವವರ ವಸಡಿನ ರೋಗ ರಕ್ತ ಒಸರದೆ ಮರೆಯಲ್ಲಿರುತ್ತದೆ, ಏಕೆಂದರೆ ಧೂಮಪಾನ ಅಲ್ಲಿನ ರಕ್ತನಾಳಗಳನ್ನು ಬಿಗಿದಿರುತ್ತದೆ. ಬಿಟ್ಟ ಮೇಲೆ ಹಲ್ಲುಜ್ಜುವಾಗ ರಕ್ತ ಕಂಡರೆ ಹೊಸ ರೋಗ ಬಂತೆಂದಲ್ಲ, ಹಳೆಯದು ಹೊರಗೆ ಕಂಡಿತೆಂದು ತಿಳಿಯಬೇಕು. ಒಂದೇ ಪರಿಮಳದ ದ್ರವ ಎಳೆಯುತ್ತಾ ಹೋದರೆ ಆ ರುಚಿಯೇ ತಿಳಿಯದಂತಾಗುವುದೂ ಉಂಟು, ಅದು ತಾತ್ಕಾಲಿಕ.

ತಂಬಾಕು ಪೂರ್ತಿ ಬಿಟ್ಟವರ ತೂಕ ಮೊದಲ ವರ್ಷ ಸರಾಸರಿ ನಾಲ್ಕೈದು ಕಿಲೋ ಏರುತ್ತದೆ. ವೇಪ್‌ನಲ್ಲಿ ನಿಕೋಟಿನ್ ಉಳಿಯುವುದರಿಂದ ಏರಿಕೆ ಸ್ವಲ್ಪ ಕಡಿಮೆ ಇರಬಹುದು. ಮಲಬದ್ಧತೆಯ ಕಥೆಯೂ ಹೀಗೆಯೇ: ಬೆಳಗ್ಗೆ ಒಂದು ಬೀಡಿ ಎಳೆಯದೆ ಹೊಟ್ಟೆ ಸಡಿಲವಾಗದು ಎನ್ನುವ ಮಾತು ಸುಳ್ಳಲ್ಲ, ನಿಕೋಟಿನ್ ಕರುಳು ಚಲಿಸುವಂತೆ ಮಾಡುತ್ತದೆ.

ಹೃದಯ ಮತ್ತು ಶ್ವಾಸಕೋಶ

ಸ್ಕಾಟ್ಲೆಂಡಿನ ಡಂಡಿಯಲ್ಲಿ 114 ಧೂಮಪಾನಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗ ಈ ಕ್ಷೇತ್ರದಲ್ಲಿ ಹೆಸರಾದದ್ದು. ವೇಪ್‌ಗೆ ಬದಲಾದವರಲ್ಲಿ ಒಂದೇ ತಿಂಗಳಿಗೆ ರಕ್ತನಾಳ ಹಿಗ್ಗುವ ಶಕ್ತಿ ಗಮನಿಸುವಷ್ಟು ಸುಧಾರಿಸಿತು. ದ್ರವದಲ್ಲಿ ನಿಕೋಟಿನ್ ಇದ್ದರೂ ಇಲ್ಲದಿದ್ದರೂ ಸುಧಾರಣೆ ಕಂಡಿತು ಅನ್ನುವುದು ಗಮನಿಸಬೇಕಾದ ಸಂಗತಿ. ಕಾರಣ ಹೊಗೆಯೇ ಎಂಬುದಕ್ಕೆ ಇದು ಬಲವಾದ ಸಾಕ್ಷಿ. ಆದರೆ ಅವರನ್ನು ಹೋಲಿಸಿದ್ದು ಸೇದುತ್ತಲೇ ಉಳಿದವರ ಜೊತೆ. ಎಂದೂ ಸೇದದವನ ರಕ್ತನಾಳಕ್ಕೆ ವೇಪ್ ಒಳ್ಳೆಯದು ಎಂದು ಇದರಿಂದ ಹೇಳಲು ಬಾರದು. ನಿಕೋಟಿನ್ ಪ್ರತಿ ಎಳೆತಕ್ಕೂ ನಾಡಿಬಡಿತ ಏರಿಸುತ್ತದೆ, ರಕ್ತದೊತ್ತಡ ಏರಿಸುತ್ತದೆ. ಇದು ವೇಪ್‌ನಲ್ಲೂ ತಪ್ಪುವುದಿಲ್ಲ.

ಶ್ವಾಸಕೋಶದಲ್ಲಿ ಒಂದು ನಷ್ಟ ತುಂಬಿ ಬರುವುದಿಲ್ಲ. ನಡುವಯಸ್ಸು ದಾಟಿದ ಮೇಲೆ ಎಲ್ಲರ ಉಸಿರಿನ ಬಲವೂ ವರ್ಷಕ್ಕೆ ಸುಮಾರು 30 ಮಿಲಿಲೀಟರಿನಷ್ಟು ಇಳಿಯುತ್ತದೆ, ಸೇದುತ್ತಲೇ ಇರುವವರಲ್ಲಿ ಇದು ಹೆಚ್ಚುಕಡಿಮೆ ಎರಡರಷ್ಟು. ಬಿಟ್ಟರೆ ಇಳಿಯುವ ವೇಗ ಸಾಮಾನ್ಯಕ್ಕೆ ಬರುತ್ತದೆ, ಕಳೆದದ್ದು ಮಾತ್ರ ಕಳೆದದ್ದೇ. ಕಾಡಂಚಿನ ಮನೆಗಳಲ್ಲಿ ಕಟ್ಟಿಗೆ ಒಲೆಯ ಹೊಗೆಯೂ ಇದೇ ಎದೆಗೂಡನ್ನು ಹಾಳುಮಾಡುತ್ತದೆ. ಬೀಡಿಯನ್ನು ಕೈಯಲ್ಲಿ ಹಿಡಿಯದ ಹೆಂಗಸರಿಗೂ ದಮ್ಮು ಹತ್ತುವುದು ಅದರಿಂದ.

ಕ್ಯಾನ್ಸರ್‌ಗೆ ಸಂಬಂಧಿಸಿದಂತೆ 2017ರ ಬ್ರಿಟಿಷ್ ಅಧ್ಯಯನವೊಂದು ಮೂತ್ರ ಪರೀಕ್ಷಿಸಿತು. ಪೂರ್ತಿಯಾಗಿ ವೇಪ್‌ಗೆ ಬದಲಾಗಿ ಬಹುಕಾಲವಾದವರಲ್ಲಿ ತಂಬಾಕಿನದೇ ಆದ ಒಂದು ಪ್ರಬಲ ಕ್ಯಾನ್ಸರ್‌ಕಾರಕದ ಗುರುತು ಸೇದುವವರಿಗಿಂತ ಶೇ. 97ರಷ್ಟು ಕಡಿಮೆ ಇತ್ತು. ನಿಕೋಟಿನ್ ಮಟ್ಟದಲ್ಲಿ ಹೇಳುವಂಥ ವ್ಯತ್ಯಾಸವಿರಲಿಲ್ಲ. ವೇಪ್ ಎಳೆಯುತ್ತಾ ನಡುನಡುವೆ ಸಿಗರೇಟೂ ಸೇದುವವರಲ್ಲಿ ಮಾತ್ರ ಈ ಇಳಿಕೆ ಕಾಣಲಿಲ್ಲ. ಬದಲಾದೆವು ಎನ್ನುವವರಲ್ಲಿ ಬಹಳ ಜನ ನಿಂತಿರುವುದು ಈ ಎರಡು ದೋಣಿಯ ಮೇಲೆಯೇ: ಮನೆಯೊಳಗೆ ವೇಪ್, ಹೊರಗೆ ಸಿಗರೇಟು. ಅವರ ದೇಹ ಮೇಲೆ ಹೇಳಿದ ಲಾಭಗಳಲ್ಲಿ ಹೆಚ್ಚಿನದನ್ನು ಕಾಣುವುದಿಲ್ಲ.

ಉಳಿಯುವ ಚಟ, ಹೊಸ ಹಾನಿ

ಸಿಗರೇಟಿಗೆ ಒಂದು ತುದಿ ಇದೆ. ಉರಿದು ಬೆರಳಿಗೆ ಬಿಸಿ ತಾಗಿದಾಗ ಎಸೆಯಲೇಬೇಕು. ವೇಪ್‌ಗೆ ಅಂಥ ತುದಿಯಿಲ್ಲ. ದಿನವಿಡೀ ಒಂದೊಂದೇ ಎಳೆತ ನಡೆಯುತ್ತದೆ, ಎಷ್ಟಾಯಿತೆಂದು ಎಳೆದವರಿಗೂ ಗೊತ್ತಾಗದು. ನಿಕೋಟಿನ್‌ಗೆ ಆಮ್ಲ ಬೆರೆಸಿ ಲವಣವಾಗಿಸಿದ ಹೊಸ ದ್ರವಗಳು ಗಂಟಲಿಗೆ ಹಿತವಾಗಿರುವುದರಿಂದ ಪ್ರಮಾಣ ಮೀರುವುದು ಸುಲಭ. ತಲೆಸುತ್ತು, ಓಕರಿಕೆ, ಬೆವರು ಅದರ ಲಕ್ಷಣಗಳು. 886 ಜನರ ಆ ಬ್ರಿಟಿಷ್ ಪ್ರಯೋಗಕ್ಕೇ ಮರಳಿದರೆ, ವರ್ಷದ ಕೊನೆಗೆ ಸಿಗರೇಟು ಬಿಟ್ಟಿದ್ದವರು ವೇಪ್ ಗುಂಪಿನಲ್ಲಿ ಶೇ. 18, ಪಟ್ಟಿ ಮತ್ತು ಗಮ್ ಗುಂಪಿನಲ್ಲಿ ಶೇ. 9.9. ವೇಪ್ ಹೆಚ್ಚು ಜನರನ್ನು ಸಿಗರೇಟಿನಿಂದ ಬಿಡಿಸಿತು, ಇದನ್ನು ಮುಚ್ಚಿಡಬೇಕಿಲ್ಲ. ಆದರೆ ಹಾಗೆ ಬಿಟ್ಟವರಲ್ಲಿ ಶೇ. 80ರಷ್ಟು ಜನ ವರ್ಷ ಕಳೆದರೂ ವೇಪ್ ಎಳೆಯುತ್ತಲೇ ಇದ್ದರು. ಇನ್ನೊಂದು ಗುಂಪಿನಲ್ಲಿ ಗಮ್, ಪಟ್ಟಿ ಮುಂದುವರಿಸಿದ್ದವರು ಶೇ. 9 ಮಾತ್ರ.

2019ರಲ್ಲಿ ಅಮೆರಿಕದಲ್ಲಿ ವೇಪ್ ಎಳೆದವರ ಶ್ವಾಸಕೋಶ ಹಠಾತ್ತನೆ ಹಾಳಾಗುವ ಕಾಯಿಲೆ ಹಬ್ಬಿತು. 2020ರ ಫೆಬ್ರುವರಿವರೆಗೆ 2,807 ಜನ ಆಸ್ಪತ್ರೆ ಸೇರಿದರು ಅಥವಾ ಸತ್ತರು, ಸತ್ತವರು 68. ಬಹುಪಾಲು ಪ್ರಕರಣಗಳ ಹಿಂದೆ ಇದ್ದದ್ದು ಕಳ್ಳಮಾರ್ಗದಲ್ಲಿ ಬಂದ ಗಾಂಜಾ ಸತ್ವದ ದ್ರವ, ಅದಕ್ಕೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್. ಪರೀಕ್ಷಿಸಿದ 51 ರೋಗಿಗಳಲ್ಲಿ 48 ಜನರ ಶ್ವಾಸಕೋಶದ ದ್ರವದಲ್ಲಿ ಆ ವಸ್ತು ಸಿಕ್ಕಿತು. ನಮಗೆ ಇದರ ಮಹತ್ವ ದೊಡ್ಡದು, ಏಕೆಂದರೆ ಇಲ್ಲಿ ಕೈಗೆ ಸಿಗುವ ಪ್ರತಿಯೊಂದು ವೇಪ್ ಕೂಡ ಕಳ್ಳಮಾರ್ಗದ್ದೇ. ಒಳಗೆ ಏನಿದೆಯೆಂದು ಮಾರಿದವನಿಗೂ ತಿಳಿದಿರುವುದಿಲ್ಲ. ದ್ರವವನ್ನು ಮಕ್ಕಳು ಬಾಯಿಗೆ ಹಾಕಿಕೊಂಡರೆ ಪ್ರಾಣಾಪಾಯ. ಬೆಳೆಯುವ ವಯಸ್ಸಿನ ಮೆದುಳಿಗೂ ಗರ್ಭದ ಮಗುವಿಗೂ ನಿಕೋಟಿನ್ ಯಾವ ರೂಪದಲ್ಲೂ ಹಾನಿಯೇ.

ಕಾಯ್ದೆ

ಕರ್ನಾಟಕ ಸರ್ಕಾರ 2016ರ ಜೂನ್‌ನಲ್ಲೇ ಇ-ಸಿಗರೇಟನ್ನು ನಿಷೇಧಿಸಿತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರದ ಸುಗ್ರೀವಾಜ್ಞೆ ಬಂತು, ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ಸಾಗಣೆ, ಮಾರಾಟ, ಜಾಹೀರಾತು ಎಲ್ಲಕ್ಕೂ ಮೊದಲ ಸಲ ಒಂದು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ದಾಸ್ತಾನಿಗೆ ಆರು ತಿಂಗಳು, 50,000 ರೂಪಾಯಿ. ಬೀಡಿ, ಸಿಗರೇಟು ಮಾತ್ರ ಪ್ರತಿ ಗೂಡಂಗಡಿಯಲ್ಲೂ ಸಿಗುತ್ತವೆ. ಹೆಚ್ಚು ಕೊಲ್ಲುವುದು ಕೈಗೆಟುಕುವಂತಿದ್ದು ಕಡಿಮೆ ಹಾನಿಯದು ನಿಷಿದ್ಧವಾಗಿರುವುದು ಸರಿಯೇ ಎಂದು ಕೇಳುವ ವೈದ್ಯರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಎಂದೂ ಸೇದದ ಹದಿಹರೆಯದವರು ಹಣ್ಣಿನ ಪರಿಮಳದ ಮೂಲಕ ಚಟಕ್ಕೆ ಬೀಳುವುದನ್ನು ಅಮೆರಿಕದಲ್ಲಿ ಕಂಡ ಮೇಲೆ, ನಿಷೇಧವೇ ಸರಿಯಾದ ಉತ್ತರ ಎನ್ನುವುದು ಈ ಲೇಖಕನ ಅಭಿಪ್ರಾಯ. ರಾಜ್ಯ ತಂಬಾಕು ಕಾಯ್ದೆಗೆ ತಂದ ತಿದ್ದುಪಡಿ 2025ರಲ್ಲಿ ಜಾರಿಗೆ ಬಂದು ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ, ಸಾರ್ವಜನಿಕ ಸ್ಥಳದಲ್ಲಿ ಸೇದುವ ದಂಡವನ್ನು 1,000 ರೂಪಾಯಿಗೆ ಏರಿಸಿದೆ. ಅಣಶಿಯ ಕಾಡಿನೊಳಗೆ ಇನ್ನೊಂದು ಕಾಯ್ದೆಯೂ ಇದೆ: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಲ್ಲಿ ಬೆಂಕಿ ಹಚ್ಚುವುದೂ ಬೆಂಕಿ ಆರಿಸದೆ ಬಿಟ್ಟುಹೋಗುವುದೂ ಅಪರಾಧ.

ವೇಪ್ ಇಲ್ಲದೆ ಇದೇ ಲಾಭ

ಮೇಲೆ ಹೇಳಿದ ಒಳ್ಳೆಯ ಬದಲಾವಣೆಗಳೆಲ್ಲ ಹೊಗೆ ನಿಂತದ್ದರಿಂದ ಬಂದವು. ಅದಕ್ಕೆ ವೇಪ್ ಬೇಕೇಬೇಕೆಂದಿಲ್ಲ. ರಾಷ್ಟ್ರೀಯ ಕ್ವಿಟ್‌ಲೈನ್ 1800-11-2356ಕ್ಕೆ ಕರೆಮಾಡಿದರೆ ದುಡ್ಡಿಲ್ಲ. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರ ನೋಡಿಕೊಳ್ಳುತ್ತದೆ, ಸಲಹೆಗಾರರು ಕನ್ನಡದಲ್ಲೇ ಮಾತಾಡುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ಬಿಡಿಸುವ ಕೇಂದ್ರಗಳಿವೆ. 2 ಮಿಲಿಗ್ರಾಂ ನಿಕೋಟಿನ್ ಗಮ್ ಔಷಧಿ ಅಂಗಡಿಯಲ್ಲಿ ಚೀಟಿ ಇಲ್ಲದೆ ಸಿಗುತ್ತದೆ. ಅದನ್ನು ಚೂಯಿಂಗ್ ಗಮ್‌ನಂತೆ ಜಗಿದು ‘ಹೊಟ್ಟೆ ಉರಿ, ಬಿಕ್ಕಳಿಕೆ, ನಮಗಾಗದು’ ಎಂದು ಬಿಟ್ಟವರು ಬಹಳ. ಕವಳ ಹಾಕಿ ರೂಢಿಯಿರುವವರಿಗೆ ಸರಿಯಾದ ಕ್ರಮ ಒಂದು ಮಾತಿನಲ್ಲಿ ತಿಳಿಯುತ್ತದೆ: ನಾಲ್ಕಾರು ಸಲ ನಿಧಾನ ಅಗಿಯಬೇಕು, ಖಾರ ಖಾರ ಅನ್ನಿಸಿದ ಕೂಡಲೇ ಕವಳದಂತೆ ಕೆನ್ನೆಯ ಒತ್ತಿಗೆ ಇಟ್ಟು ಸುಮ್ಮನಿರಬೇಕು, ಖಾರ ಇಳಿದ ಮೇಲೆ ಮತ್ತೆ ಅಗಿದು ಇನ್ನೊಂದು ಕೆನ್ನೆಗೆ ಸರಿಸಬೇಕು. ಹೀಗೆ ಅರ್ಧ ತಾಸು. ಗಮ್ ಹಾಕುವ ಮುಂಚಿನ ಕಾಲು ತಾಸು ಕಾಫಿ, ನಿಂಬೆ ಶರಬತ್ತು, ಕೋಕಂ ಕುಡಿಯಬಾರದು. ಹುಳಿಯಲ್ಲಿ ನಿಕೋಟಿನ್ ಕೆನ್ನೆಯ ಒಳಪದರಕ್ಕೆ ಇಳಿಯುವುದಿಲ್ಲ.